ಹಾರರ್ ನಿರ್ದೇಶಕರಿಗೆ ನಿಜವಾದ ಪರೀಕ್ಷೆ ಎರಡನೇ ಸಿನಿಮಾ

ಕೈದುಡ್ಡು ಹಾಕಿ ಹಾರರ್ ಸಿನಿಮಾ ಮಾಡಿ ಗೆದ್ದವರ ಕತೆ ನಮಗೆಲ್ಲ ತುಂಬಾ ಇಷ್ಟ. ಮನೆಯಲ್ಲೇ ಶೂಟಿಂಗ್, ಗೆಳೆಯರೇ ನಟರು, ಕೊನೆಗೆ ಕೋಟಿಗಟ್ಟಲೆ ಕಲೆಕ್ಷನ್. ಕತೆ ಅಲ್ಲಿಗೆ ಮುಗಿದುಬಿಡುತ್ತದೆ. ಆಮೇಲೆ ಆ ನಿರ್ದೇಶಕ ಏನಾದ ಅಂತ ಯಾರೂ ಕೇಳುವುದಿಲ್ಲ. ನನಗೆ ಆ ಭಾಗವೇ ಮುಖ್ಯ. ಯಾಕಂದ್ರೆ ಈ ದಾರಿ ಹಿಡಿಯಬೇಕು ಅಂತಿರುವ ಹುಡುಗ ಹುಡುಗಿಯರು ಮೊದಲ ಸಿನಿಮಾಗೆ ಮಾತ್ರ ತಯಾರಾಗುತ್ತಿದ್ದಾರೆ.

ಹೊಸಬರಿಗೆ ಹಾರರ್ ಸುಲಭವಾಗಿ ಬಾಗಿಲು ತೆರೆಯುತ್ತದೆ ಅನ್ನುವುದು ನಿಜ. ಇಲ್ಲಿ ಸ್ಟಾರ್ ಬೇಕಿಲ್ಲ. ಗುರುತಿಲ್ಲದ ಮುಖ ಇದ್ದರೇ ಒಳ್ಳೆಯದು, ಯಾರು ಕೊನೆವರೆಗೆ ಬದುಕುತ್ತಾರೆ ಅಂತ ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ. ಕತ್ತಲೆ, ಸರಿಯಾದ ಸದ್ದು, ತೋರಿಸದೇ ಬಿಟ್ಟದ್ದು, ಇವಕ್ಕೆ ಜಾಸ್ತಿ ಖರ್ಚಿಲ್ಲ. ಓರೆನ್ ಪೆಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2006ರಲ್ಲಿ ತಮ್ಮ ಮನೆಯಲ್ಲೇ ಸುಮಾರು 15,000 ಡಾಲರ್‌ನಲ್ಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಶೂಟ್ ಮಾಡಿದರು. ಅದು ದೊಡ್ಡ ಮಟ್ಟದಲ್ಲಿ ಬಿಡುಗಡೆಯಾದದ್ದು 2009ರಲ್ಲಿ, ಗಳಿಸಿದ್ದು 19 ಕೋಟಿ ಡಾಲರ್‌ಗೂ ಜಾಸ್ತಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವರು ನಿರ್ದೇಶಿಸಿದ ಎರಡನೇ ಸಿನಿಮಾ 'ಏರಿಯಾ 51' ಜನರ ಮುಂದೆ ಬಂದದ್ದು 2015ರಲ್ಲಿ, ಬಂದದ್ದು ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಮೊದಲನೆಯದರ ಮುಂದಿನ ಭಾಗಗಳನ್ನು ಬೇರೆಯವರು ನಿರ್ದೇಶಿಸಿದರು.

ಜಾರ್ಜ್ ರೊಮೆರೊ ಅವರ ಕತೆ ಇನ್ನೂ ನೋವಿನದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಮಾಡಿಕೊಂಡೇ ಕ್ಯಾಮೆರಾ, ಲೈಟು, ಎಡಿಟಿಂಗ್ ಕಲಿತವರು ಅವರು. 1968ರಲ್ಲಿ 'ನೈಟ್ ಆಫ್ ದ ಲಿವಿಂಗ್ ಡೆಡ್' ಬಂತು. ಬಿಡುಗಡೆಗೆ ಮುಂಚೆ ಹೆಸರು ಬದಲಾಯಿಸುವಾಗ ಟೈಟಲ್ ಜೊತೆ ಇದ್ದ ಕಾಪಿರೈಟ್ ಸಾಲೂ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಅಷ್ಟು ಸಾಕಿತ್ತು, ಹಕ್ಕು ಕೈತಪ್ಪಿತು. ಯಾರು ಬೇಕಾದರೂ ಪ್ರಿಂಟ್ ತೆಗೆದು ಮಾರಬಹುದಾಯಿತು. ಸತ್ತವರು ಎದ್ದು ಬರುವ ಜೊಂಬಿ ಸಿನಿಮಾ ಅನ್ನುವ ಪ್ರಕಾರಕ್ಕೇ ಇವತ್ತಿನ ರೂಪ ಕೊಟ್ಟ ಮನುಷ್ಯನಿಗೆ, ಅದನ್ನು ಮಾಡಿದ ತಂಡಕ್ಕೆ ಸಿಗಬೇಕಾದ ದುಡ್ಡು ಸಿಗಲಿಲ್ಲ. ಮುಂದಿನ ಸಿನಿಮಾಗಳು ಓಡಲಿಲ್ಲ. 'ಡಾನ್ ಆಫ್ ದ ಡೆಡ್' ಬಂದು ಮತ್ತೆ ದೊಡ್ಡ ಗೆಲುವು ಕಾಣುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಯಾಕೆ ಹೀಗಾಗುತ್ತದೆ? ಮೊದಲ ಸಿನಿಮಾದಲ್ಲಿ ನಿಮ್ಮ ಇಷ್ಟು ವರ್ಷದ ಭಯವೆಲ್ಲ ಇರುತ್ತದೆ, ಗಡುವು ಇರುವುದಿಲ್ಲ, ಯಾರೂ ಬಂದು ಹೀಗೆ ಮಾಡು ಹಾಗೆ ಮಾಡು ಅನ್ನುವುದಿಲ್ಲ, ಗೆಳೆಯರು ಸಂಬಳ ಕೇಳದೆ ರಾತ್ರಿಯೆಲ್ಲ ನಿಂತಿರುತ್ತಾರೆ. ಎರಡನೆಯದಕ್ಕೆ ಇದರಲ್ಲಿ ಒಂದೂ ಇರುವುದಿಲ್ಲ. ದುಡ್ಡು ಹಾಕುವವರಿಗೆ ಅದೇ ಭಯ ಮತ್ತೆ ಬೇಕು, ಅದೂ ಬೇಗ ಬೇಕು. ಗೆಳೆಯರನ್ನು ಮತ್ತೆ ಪುಕ್ಕಟೆ ಕರೆಯುವ ಹಾಗಿಲ್ಲ, ಕರೆಯಲೂ ಬಾರದು. ಪ್ಯಾಷನ್ ಅನ್ನುವ ಹೆಸರಲ್ಲಿ ಸೌಂಡ್ ಹುಡುಗನಿಗೆ ದುಡ್ಡು ಕೊಡದೇ ಇರುವುದು ನನ್ನ ಪ್ರಕಾರ ತಪ್ಪು. ಹಾರರ್ ಸಿನಿಮಾದ ಅರ್ಧ ಭಾರ ಹೊರುವವನು ಅವನೇ ಅಲ್ವಾ?

ಸ್ಯಾಮ್ ರೈಮಿ ಕೂಡ ಇಲ್ಲೇ ಎಡವಿದರು. 1978ರಲ್ಲಿ 'ವಿದಿನ್ ದ ವುಡ್ಸ್' ಅನ್ನುವ ಶಾರ್ಟ್ ಫಿಲ್ಮ್ ಮಾಡಿ, ಅದನ್ನು ತೋರಿಸಿ ಡಾಕ್ಟರ್, ಲಾಯರ್ ಹೀಗೆ ಸಿಕ್ಕವರಿಂದ ದುಡ್ಡು ಎತ್ತಿ 'ದ ಈವಿಲ್ ಡೆಡ್' ಮಾಡಿದರು. ಆಮೇಲೆ 1985ರಲ್ಲಿ 'ಕ್ರೈಮ್‌ವೇವ್'. ನಟರ ಆಯ್ಕೆಯಿಂದ ಎಡಿಟಿಂಗ್‌ವರೆಗೆ ಎಲ್ಲದರಲ್ಲೂ ಸ್ಟುಡಿಯೋ ಕೈ ಹಾಕಿತು, ಸಿನಿಮಾ ಬಿತ್ತು. ಅವರು 1987ರಲ್ಲಿ 'ಈವಿಲ್ ಡೆಡ್ 2' ಮಾಡಿ ಎದ್ದು ನಿಂತರು. ಅವರು ನಿರ್ದೇಶಿಸಿದ 'ಸ್ಪೈಡರ್‌ಮ್ಯಾನ್' ಬಂದದ್ದು 2002ರಲ್ಲಿ. ನಡುವಿನ ವರ್ಷಗಳನ್ನು ಬಿಟ್ಟು ಈ ಕತೆ ಹೇಳುವುದು ಹೊಸಬರಿಗೆ ಮಾಡುವ ಮೋಸ.

ಅದಕ್ಕೇ ನಾನು ಹೇಳುವುದು, ಮೊದಲ ಸಿನಿಮಾ ಫೆಸ್ಟಿವಲ್‌ಗೆ ಹೋಗುವ ಮುಂಚೆಯೇ ಎರಡನೇ ಸ್ಕ್ರಿಪ್ಟ್ ಕೈಯಲ್ಲಿರಲಿ. ಸಿನಿಮಾ ಇಷ್ಟವಾದವರು ಮುಂದೇನು ಅಂತ ಕೇಳುವುದು ಆ ಕೆಲವೇ ವಾರಗಳಲ್ಲಿ. ಆಗ ಸುಮ್ನೆ ಒಂದು ಐಡಿಯಾ ಇದೆ ಅಂದರೆ ಅವರು ಕಾಯುವುದಿಲ್ಲ. ನನ್ನ ಎರಡನೇ ಮಾತು ಒಪ್ಪಂದಕ್ಕೆ ಸಹಿ ಹಾಕುವ ವಿಷಯ. ಮುಂದಿನ ಭಾಗದ ಹಕ್ಕು ಯಾರದ್ದು, ಲಾಭದ ಪಾಲು ಅಂದರೆ ಯಾವ ಖರ್ಚು ಕಳೆದ ಮೇಲೆ, ಇವನ್ನು ವಕೀಲರ ಹತ್ತಿರ ಓದಿಸಿ. ಅವರ ಫೀಸನ್ನು ಬಜೆಟ್‌ನಲ್ಲೇ ಸೇರಿಸಿ. ನಡುವೆ ಹೊಟ್ಟೆಪಾಡಿಗೆ ಜಾಹೀರಾತೋ ಎಡಿಟಿಂಗೋ ಮಾಡಿ, ಅಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ.

ಹಾರರ್ ಬರೀ ಮೆಟ್ಟಿಲು, ಹತ್ತಿದ ಮೇಲೆ ಬಿಟ್ಟುಬಿಡಬೇಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಭಯದ ಮೇಲೆ ಪ್ರೀತಿ ಇಲ್ಲದವನು ಮಾಡಿದ ಹಾರರ್ ಹತ್ತೇ ನಿಮಿಷಕ್ಕೆ ಗೊತ್ತಾಗುತ್ತದೆ. ಹಾಗಂತ ಒಂದೇ ದೆವ್ವವನ್ನು ಜೀವನಪೂರ್ತಿ ಹೊತ್ತು ತಿರುಗಬೇಕಿಲ್ಲ. ಆಸ್ಟ್ರೇಲಿಯಾದ ನಿರ್ದೇಶಕಿ ಜೆನಿಫರ್ ಕೆಂಟ್ ಅವರನ್ನು ನೋಡಿ. 2005ರ ಶಾರ್ಟ್ ಫಿಲ್ಮ್‌ನಿಂದ 2014ರ 'ದ ಬಾಬಾಡೂಕ್'ವರೆಗೆ ಒಂಬತ್ತು ವರ್ಷ. ಅದು ಗೆದ್ದ ಮೇಲೆ ಎರಡನೇ ಭಾಗ ಬರಲು ಬಿಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದರು. ಮುಂದೆ 2018ರಲ್ಲಿ ಅವರು ತಂದದ್ದು 'ದ ನೈಟಿಂಗೇಲ್', ಬ್ರಿಟಿಷರ ಆಳ್ವಿಕೆಯ ಕಾಲದ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕತೆ. ಅದರಲ್ಲಿ ದೆವ್ವವೇ ಇಲ್ಲ, ಮನುಷ್ಯರ ಕ್ರೌರ್ಯ ಇದೆ. ನೋಡಲು ಕಷ್ಟವಾಗುವ ಸಿನಿಮಾ, ಆದರೂ ನೋಡಿ.