ಓಡುತ್ತಾನೆ ಸರಿ, ಚೆಂಡು ಹಿಡಿಯುತ್ತಾನಾ?

"ನಮ್ಮವ ಒಂದು ನಿಮಿಷ ಕೂತಲ್ಲಿ ಕೂರುವುದಿಲ್ಲ ಟೀಚರ್, ಅವನಿಗೆ ಇನ್ನೆಂಥ ವ್ಯಾಯಾಮ?"

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಅಂಗನವಾಡಿಗೆ ಮಗುವನ್ನು ಬಿಡಲು ಬರುವವರ ಬಾಯಲ್ಲಿ ಇದು ಮಾಮೂಲಿ. ಓಡಿದರೆ ಮುಗಿಯಿತು, ಮಗು ಪಾಸ್! ಅವಸರವೆಲ್ಲ ಅಕ್ಷರಕ್ಕೆ. ಮೂರೂವರೆ ವರ್ಷಕ್ಕೇ ಕನ್ನಡ, ಇಂಗ್ಲಿಷ್, ಮೇಲಿಂದ ಮಲಯಾಳವನ್ನೂ ಬರೆಯಬೇಕು. ಒಂಟಿಕಾಲಲ್ಲಿ ನಿಲ್ಲುತ್ತದಾ, ಚೆಂಡು ಹಿಡಿಯುತ್ತದಾ ಅಂತ ಕೇಳಿದವರನ್ನು ನಾನು ಕಾಣೆ.

ಚುರುಕು ಬೇರೆ, ಮೈ ಪಳಗುವುದು ಬೇರೆ. ನಡಿಗೆ ಹೆಚ್ಚುಕಮ್ಮಿ ತಾನಾಗಿಯೇ ಬರುತ್ತದೆ. ಎಸೆಯುವುದು, ಹಿಡಿಯುವುದು, ಒಂಟಿಕಾಲಲ್ಲಿ ಹಾರುವುದು ಹಾಗಲ್ಲ. ತೋರಿಸಿಕೊಡಬೇಕು, ದಿನಾ ಆಡಿಸಬೇಕು.

ಚೆಂಡು ಹಿಡಿಯುವುದನ್ನೇ ನೋಡಿ. ಸಣ್ಣ ಮಗು ಎರಡೂ ಕೈಯನ್ನು ಕೋಲಿನ ಹಾಗೆ ಚಾಚಿ ನಿಲ್ಲುತ್ತದೆ. ಚೆಂಡು ಹತ್ತಿರ ಬಂದ ಕೂಡಲೇ ಮುಖ ಅತ್ತ, ಕಣ್ಣು ಮುಚ್ಚಿ! ಎದೆಗೆ ಬಡಿದ ಮೇಲೆ ಅಪ್ಪಿಕೊಳ್ಳಲು ನೋಡುತ್ತದೆ. "ಪುಕ್ಕಲ" ಅಂತ ನಗಬೇಡಿ, ಎಲ್ಲರೂ ಶುರು ಮಾಡುವುದು ಹಾಗೆಯೇ. ಅಂಥವರಿಗೆ ಬೆಲೂನ್ ಕೊಡಿ. ಅದು ನಿಧಾನಕ್ಕೆ ಇಳಿಯುವುದರಿಂದ ಕಣ್ಣಿಗೆ ಪುರುಸೊತ್ತು ಸಿಗುತ್ತದೆ. ಆಮೇಲೆ ಹಳೇ ಬಟ್ಟೆ ಸುತ್ತಿದ ಚೆಂಡು. ನಾಲ್ಕು ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳು ದೊಡ್ಡ ಚೆಂಡನ್ನು ಹಿಡಿಯುತ್ತಾರೆ. ಎಸೆಯುವಾಗ ಕೈ ನೋಡಬೇಡಿ, ಕಾಲು ನೋಡಿ. ಬಲಗೈಯಲ್ಲಿ ಎಸೆಯುವ ಮಗು ಮೊದಮೊದಲು ಕಾಲು ಎತ್ತುವುದೇ ಇಲ್ಲ, ಆಮೇಲೆ ಬಲಗಾಲನ್ನೇ ಮುಂದಿಡುತ್ತದೆ. ಎಡಗಾಲು ಮುಂದೆ ಬಂತೋ, ಎಸೆತ ಕುದುರಿತು ಅಂತ ಲೆಕ್ಕ.

ಹೆಣ್ಣುಮಕ್ಕಳ ಕೈಗಂತೂ ಚೆಂಡೇ ಸಿಗುವುದಿಲ್ಲ. "ಅವಳಿಗೆ ಅದೆಲ್ಲ ಆಗ್ಲಿಕ್ಕಿಲ್ಲ" ಅಂತ ಮನೆಯಲ್ಲೇ ತೀರ್ಪಾಗಿರುತ್ತದೆ. ಕೊಡದೆ ಬರುವುದು ಹೇಗೆ ಮಾರಾಯ್ರೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕಡಿಮೆಯೆಂದರೂ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು. ಮೊಬೈಲು, ಟೀವಿ ಸೇರಿ ಒಂದು ಗಂಟೆ ದಾಟಬಾರದು. ನಮ್ಮಲ್ಲಿ ಇದು ತಲೆಕೆಳಗಾಗಿರುವ ಮನೆಗಳೇ ಜಾಸ್ತಿ.

ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿ ಜಾರುತ್ತದೆ, ಒಪ್ಪಿದೆ. ಆದರೆ ಜಗಲಿ ಉಂಟಲ್ಲ? ಸೀಮೆಸುಣ್ಣದಲ್ಲಿ ಕುಂಟಾಬಿಲ್ಲೆಯ ಮನೆ ಬರೆಯಿರಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಒಬ್ಬ ಕೂರಲಿ, ಇನ್ನೊಬ್ಬ ಎಳೆಯಲಿ. ಕೂತವನಿಗೆ ಬೀಳದೆ ಇರುವ ಪಾಠ, ಎಳೆದವನಿಗೆ ಕಾಲಿನ ಬಲ. ಖರ್ಚು ಸೊನ್ನೆ. (ಚಡ್ಡಿ ಸವೆಯುತ್ತದೆ, ಅದು ಬೇರೆ ಮಾತು.)

"ಬಿದ್ದರೆ ಯಾರು ಹೊಣೆ?" ಅನ್ನುವವರು ಇದ್ದೇ ಇದ್ದಾರೆ. ಮಂಡಿ ತರಚಿದ ದಿನ ನನಗೆ ಫೋನ್ ಬರುತ್ತದೆ, ಬರಲಿ.

ಈ ಸಲದ ತಾಯಂದಿರ ಸಭೆಗೆ ಸೆರಗು ಸಿಕ್ಕಿಸಿಕೊಂಡೇ ಬನ್ನಿ, ಕುಂಟಾಬಿಲ್ಲೆ ನಿಮ್ಮಿಂದಲೇ ಶುರು. ಅಪ್ಪಂದಿರೂ ಒಳಗೆ ಬನ್ನಿ, ಗೇಟಿನ ಹತ್ತಿರ ಬೈಕಲ್ಲೇ ಕೂತು ಹಾರ್ನ್ ಹೊಡೆಯಬೇಡಿ.