ದೆವ್ವದ ವೇಷದಲ್ಲೂ ಅಳಿಯದ ಮುಖ

ಟೋಕಿಯೋದಲ್ಲಿ ಬೇಸಗೆ ಎಂದರೆ ದೆವ್ವದ ಕಥೆಗಳ ಕಾಲ. ಸತ್ತ ಹಿರಿಯರು ಮನೆಗೆ ಬರುವ ಓಬೋನ್ ಹಬ್ಬವೂ ಆಗಲೇ. ಸೆಕೆಯಲ್ಲಿ ಬೆನ್ನು ತಣ್ಣಗಾಗಲಿ ಎಂದು ಜಪಾನಿನ ಸಾಂಪ್ರದಾಯಿಕ ನಾಟಕವಾದ ಕಬುಕಿಯ ರಂಗಶಾಲೆಗಳು ಈ ದಿನಗಳಲ್ಲೇ ಪ್ರೇತದ ನಾಟಕ ಆಡುತ್ತಿದ್ದವು. ಆ ವೇಷಗಳ ಮರದಚ್ಚಿನ ಚಿತ್ರಗಳನ್ನು ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡಿದ ಮೇಲೆ, ಹೊನ್ನಾವರದ ಕಡೆ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದ ನನಗೆ ಒಂದು ಕೊರಗು ಹತ್ತಿಕೊಂಡಿದೆ.

ಒಂದು ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಚಿತ್ರಕಾರ ಕುನಿಸಾದ 1861ರಲ್ಲಿ ಮಾಡಿದ್ದು. ನಾಟಕ, 1825ರಲ್ಲಿ ಎಡೊದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಮೊದಲು ರಂಗಕ್ಕೆ ಬಂದ ‘ಯೋತ್ಸುಯಾ ಕೈದಾನ್’. ಗಂಡನ ದ್ರೋಹ, ವಿಷದಿಂದ ವಿಕಾರವಾದ ಮುಖ, ಬಾಚಿದಷ್ಟೂ ಹಿಡಿಹಿಡಿಯಾಗಿ ಕಿತ್ತುಬರುವ ಕೂದಲು: ಓಇವಾ ಹಾಗೆ ಸಾಯುತ್ತಾಳೆ. ಅವಳ ಹೆಣವನ್ನೂ ಆಳು ಕೊಹೇಯ ಹೆಣವನ್ನೂ ಒಂದೇ ಬಾಗಿಲ ಹಲಗೆಯ ಎರಡು ಬದಿಗೆ ಜಡಿದು ನೀರಿಗೆ ಬಿಡುತ್ತಾರೆ. ಹಲಗೆ ಗಂಡನ ಕಣ್ಣೆದುರಿಗೇ ತೇಲಿಬರುತ್ತದೆ, ಮಗುಚುತ್ತದೆ. ಎರಡು ಹೆಣವೂ ಒಬ್ಬನೇ ನಟ. ಕುನಿಸಾದನ ಹಾಳೆಯಲ್ಲೂ ಅಂಟಿಸಿದ ಕಾಗದದ ತುಂಡನ್ನು ಮಗುಚಿದರೆ ಓಇವಾ ಹೋಗಿ ಕೊಹೇ ಬರುತ್ತಾನೆ. ಕೂದಲನ್ನು ನೋಡಬೇಕು. ಒಂದೊಂದು ಎಳೆಯನ್ನೂ ಚೆರ್ರಿ ಮರದ ಹಲಗೆಯಲ್ಲಿ ಉಬ್ಬಿಸಿ ಕೊರೆಯಬೇಕಿತ್ತು. ಆ ಕೆಲಸ ಪಳಗಿದ ಕೆತ್ತನೆಗಾರನಿಗೇ ಮೀಸಲು.

ಇಷ್ಟಾದರೂ ನಟನ ಮುಖ ಅಳಿಯುವುದಿಲ್ಲ. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ಕೆಲವು ವರ್ಷಗಳಲ್ಲಿ ಅವು ಮರಳಿದ್ದು ನಟನ ಹೆಸರಿಲ್ಲದೆ. ರೈತರ ತೆರಿಗೆಯ ಕಷ್ಟವನ್ನು ನೇರ ದೇಶವನ್ನಾಳುವ ಸೇನಾಧಿಪತಿ ಶೋಗನ್‌ಗೆ ಅರಿಕೆ ಮಾಡಿ ಶಿಲುಬೆಗೇರಿದ ಊರ ಮುಖಂಡನ ಪ್ರೇತವಾಗಿ ನಟ ಇಚಿಕಾವಾ ಕೊದಾಂಜಿಯನ್ನು ಚಿತ್ರಕಾರ ಕುನಿಯೋಶಿ ಬರೆದದ್ದು 1851ರಲ್ಲಿ. ಆ ಕಾಲದ ಜನಕ್ಕೆ ಹೆಸರು ಬೇಕಿರಲಿಲ್ಲ, ಮೂಗು ಕಣ್ಣು ನೋಡಿದರೆ ಸಾಕಿತ್ತು.

ನಮ್ಮ ತುಳುನಾಡಿನ ಕೋಲದಲ್ಲಿ ಮಾತಾಡುವುದು ದೈವ, ಕಟ್ಟಿದವನ ಮುಖವನ್ನು ಯಾರೂ ಹುಡುಕುವುದಿಲ್ಲ. ಯಕ್ಷಗಾನದ ರೀತಿ ಬೇರೆ, ಅದು ಕಬುಕಿಗೆ ಹತ್ತಿರ. ಮುಖದ ತುಂಬ ಬಣ್ಣವಿದ್ದರೂ ನಾವು ನೋಡಲು ಹೋಗುವುದು ‘ಚಿಟ್ಟಾಣಿಯವರ ಕೀಚಕ’ನನ್ನು. ಮರುದಿನ ಅಡಿಕೆ ಸುಲಿಯುತ್ತ ನಮ್ಮ ಮನೆಯ ಹಿರಿಯರು ಆಡುತ್ತಿದ್ದ ಮಾತೂ ಅದೇ: ಸೈರಂಧ್ರಿಯನ್ನು ಕಂಡಾಗ ಆ ಕಣ್ಣು ಹೇಗೆ ತಿರುಗಿತು! ಅಂಥ ನೋಟ ನಮ್ಮಲ್ಲೂ ಇತ್ತು. ಆ ಕಣ್ಣನ್ನು ಬರೆದು, ಅಚ್ಚು ಹಾಕಿ, ಬಡವನೂ ಕೊಂಡೊಯ್ಯುವ ಬೆಲೆಗೆ ಮಾರುವ ಕಸುಬು ಬೆಳೆಯಲಿಲ್ಲ.

1854ರಲ್ಲಿ ಕಬುಕಿ ನಟ ಎಂಟನೆಯ ಇಚಿಕಾವಾ ದಾಂಜೂರೊ ಒಸಾಕಾದಲ್ಲಿ ಪ್ರಾಣ ಕಳೆದುಕೊಂಡಾಗ ಅವನ ನೆನಪಿನ ಹಾಳೆಗಳು ರಾಶಿರಾಶಿಯಾಗಿ ಬಂದವು. 2017ರಲ್ಲಿ ಚಿಟ್ಟಾಣಿ ತೀರಿಕೊಂಡ ರಾತ್ರಿ ನಾನು ಇಲ್ಲಿ ಕುಳಿತು ಮೊಬೈಲಿನಲ್ಲಿ ವಿಡಿಯೊ ನೋಡಿದೆ. ವಿಡಿಯೊಗಳಿಗೆ ಋಣಿಯಾಗಿದ್ದೇನೆ, ಆದರೆ ಅವು ಎಲ್ಲವನ್ನೂ ಒಂದೇ ಸಮನೆ ತೋರಿಸುತ್ತವೆ. ಇಡೀ ರಾತ್ರಿಯಿಂದ ಒಂದು ಗಳಿಗೆಯನ್ನು ಆರಿಸಿ, ಉಳಿದದ್ದನ್ನು ಬಿಟ್ಟುಕೊಡುವ ಚಿತ್ರಕಾರನ ಕಣ್ಣು ಅವುಗಳಿಗಿಲ್ಲ. ಬೆಂಗಳೂರು, ಮೈಸೂರಿನ ಕಲಾಶಾಲೆಗಳಲ್ಲಿ ಅಚ್ಚು ಕಲಿಯುತ್ತಿರುವ ಮಕ್ಕಳು ಒಂದು ರಾತ್ರಿ ವೇಷ ಕಟ್ಟುವ ಚೌಕಿಗೆ ಬಂದು ಕೂರಲಿ. ಇಂದು ಕುಣಿಯುತ್ತಿರುವವರ ಒಂದೊಂದು ವೇಷವನ್ನು ಮರದಲ್ಲಿ ಕೊರೆಯಲಿ. ಮೊದಲ ಹಾಳೆ ಕೊಳ್ಳಲು ನಾನಿದ್ದೇನೆ.