ಇನ್ನೊಂದ್ ಸ್ವಲ್ಪ ಹಾಕಿದ್ರೆ…

ಕಂಪ್ಯೂಟರ್ ಪರದೆಗೆ ಚಿತ್ರ ಬಿಡಿಸಿಕೊಡೋ ಗ್ರಾಫಿಕ್ಸ್ ಕಾರ್ಡ್ ಕೊಳ್ಳೋಕೆ ದುಡ್ಡೊಂದಿದ್ದರೆ ಸಾಕು ಅಂತ ಜನ ನಂಬಿದ್ದ ಕಾಲವೊಂದಿತ್ತು. ಪಾಪ, ಮುಗ್ಧರು. ಈಗ ದುಡ್ಡಿನ ಮಾತು ಬರೋದು ಕೊನೆಗೆ. ಮೊದಲು ಬಾಕ್ಸ್ ಓದಲು ಬರಬೇಕು. ದೊಡ್ಡ ಅಕ್ಷರದಲ್ಲಿ ಇರೋದನ್ನು ನಂಬಬಾರದು, ಸಣ್ಣ ಅಕ್ಷರದಲ್ಲಿ ಇರೋದನ್ನು ಬಿಡಬಾರದು, ಬರೆಯದೇ ಬಿಟ್ಟಿದ್ದನ್ನು ನಾವೇ ಊಹಿಸಿಕೊಳ್ಳಬೇಕು. ಇಷ್ಟು ಓದಿದ್ದರೆ ಬೇರೆ ಯಾವುದಾದರೂ ಡಿಗ್ರಿಯೇ ಬಂದಿರುತ್ತಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಈ ಕಾರ್ಡುಗಳ ಕಂಪನಿ ಎನ್ವಿಡಿಯಾ ಆರ್‌ಟಿಎಕ್ಸ್ 4080 ಅನ್ನುವ ಹೆಸರಲ್ಲಿ ಎರಡು ಕಾರ್ಡ್ ಘೋಷಿಸಿತು. ಒಂದು 16 ಜಿಬಿ, ಇನ್ನೊಂದು 12 ಜಿಬಿ. ಮೆಮೊರಿ ಒಂಚೂರು ಕಡಿಮೆ, ಮಿಕ್ಕಿದ್ದೆಲ್ಲ ಒಂದೇ ಅಲ್ವಾ ಅಂದುಕೊಂಡರೆ, ಒಳಗಿನ ಚಿಪ್ಪೇ ಬೇರೆ. ದೊಡ್ಡದರಲ್ಲಿ ಲೆಕ್ಕ ಮಾಡುವ ಕೋರ್‌ಗಳು 9728, ಚಿಕ್ಕದರಲ್ಲಿ 7680. ಜನ ಬಾಯಿಗೆ ಬಂದಂತೆ ಬೈದರು. ಅಕ್ಟೋಬರ್‌ನಲ್ಲಿ ಕಂಪನಿ 12 ಜಿಬಿ ಕಾರ್ಡನ್ನು ‘ಅನ್‌ಲಾಂಚ್’ ಮಾಡುತ್ತಿದ್ದೇವೆ, ಅಂದರೆ ಬಿಡುಗಡೆಯನ್ನೇ ವಾಪಸ್ ತಗೊಳ್ಳುತ್ತಿದ್ದೇವೆ ಅಂತ ಪ್ರಕಟಿಸಿತು. ಅಂಗಡಿಗೇ ಬಾರದ ಕಾರ್ಡಿಗೆ ಬೀಳ್ಕೊಡುಗೆ ಸಮಾರಂಭ ನಡೆದದ್ದು ಬಹುಶಃ ಅದೇ ಮೊದಲು. 2023ರ ಜನವರಿಯಲ್ಲಿ ಅದೇ ಚಿಪ್, ಅದೇ 7680 ಕೋರ್, ಅದೇ 12 ಜಿಬಿ, 4070 ಟಿಐ ಅಂತ ಹೆಸರು ಬದಲಿಸಿಕೊಂಡು ವಾಪಸ್ ಬಂತು. ಬೆಲೆ 899 ಡಾಲರ್ ಇದ್ದದ್ದು 799 ಆಗಿತ್ತು. ಹೆಸರಲ್ಲಿ ಹತ್ತು ಕಳೆದರೆ ಬೆಲೆಯಲ್ಲಿ ನೂರು ಕಳೆಯುತ್ತದೆ ಅಂತಾಯಿತು. ಬೈಯುವವರು ಇನ್ನೂ ಸ್ವಲ್ಪ ದಿನ ದಮ್ಮು ಹಿಡಿದಿದ್ದರೆ ಅದೇ ಕಾರ್ಡನ್ನು 4000 ಅಂತ ಕರೆಸಿ, ಹೆಚ್ಚೂಕಡಿಮೆ ಪುಕ್ಕಟೆಗೆ ತರಬಹುದಿತ್ತು.

ಇದೇನು ಹೊಸ ಚಾಳಿ ಅಲ್ಲ. 2014ರ ಜಿಟಿಎಕ್ಸ್ 970 ಬಾಕ್ಸ್ ಮೇಲೆ 4 ಜಿಬಿ ಅಂತ ಬರೆದಿತ್ತು. ಒಳಗೆ 4 ಜಿಬಿ ಇತ್ತೂ ಕೂಡ. ಆದರೆ ಕೊನೆಯ ಅರ್ಧ ಜಿಬಿ ಮಾತ್ರ ಉಳಿದ ಮೂರೂವರೆಗಿಂತ ಬಹಳ ನಿಧಾನ. ಕೊಂಡವರೇ ಅದನ್ನು ಕೆದಕಿ ಕಂಡುಹಿಡಿದರು. ಅಮೆರಿಕದಲ್ಲಿ ಕೇಸಾಗಿ, 2016ರಲ್ಲಿ ರಾಜಿಯಾಗಿ, ಕಾರ್ಡ್ ಕೊಂಡವರಿಗೆ ತಲಾ 30 ಡಾಲರ್ ಕೊಡುವುದು ಅಂತ ತೀರ್ಮಾನವಾಯಿತು. ಕುಂಟುವ ಅರ್ಧ ಜಿಬಿಗೆ ಅಷ್ಟು ಒಳ್ಳೆ ರೇಟ್ ಇನ್ನೆಲ್ಲೂ ಸಿಕ್ಕಿರಲಾರದು. ಅದೇ ವರ್ಷ ಬಂದ ಜಿಟಿಎಕ್ಸ್ 1060ರಲ್ಲಿ 3 ಜಿಬಿಯದನ್ನು ತಗೊಂಡವರಿಗೆ ಮೆಮೊರಿ ಜೊತೆ ಕೋರ್‌ಗಳೂ ಕಡಿತ: 1280ರ ಜಾಗದಲ್ಲಿ 1152. ಸರಿ, ಮೆಮೊರಿ ಬೇರೆ ಅಂದರೆ ಒಳಗೂ ಏನೋ ಬೇರೆ ಇದೆ ಅಂತ ಬುದ್ಧಿ ಕಲಿತೆವು. 2025ರಲ್ಲಿ 5060 ಟಿಐ ಬಂತು, 8 ಜಿಬಿ ಮತ್ತು 16 ಜಿಬಿ. ಈ ಸಲ ಒಳಗಿನ ಕೋರ್‌ಗಳೆಲ್ಲ ಒಂದೇ! ಮೆಮೊರಿ ಮಾತ್ರ ಅರ್ಧ. ಕಲಿತ ಬುದ್ಧಿಯನ್ನು ಎಲ್ಲಿಡೋದು?

ಲ್ಯಾಪ್‌ಟಾಪ್ ಕಡೆ ತಿರುಗಿದರೆ ಇನ್ನೂ ಸೊಗಸು. ಡೆಸ್ಕ್‌ಟಾಪ್‌ನ 4090ಕ್ಕೆ 24 ಜಿಬಿ ಮೆಮೊರಿ, 450 ವ್ಯಾಟ್. ಲ್ಯಾಪ್‌ಟಾಪ್‌ನ 4090ಕ್ಕೆ 16 ಜಿಬಿ, ಜಾಸ್ತಿ ಅಂದರೆ 150 ವ್ಯಾಟ್ ಚಿಲ್ಲರೆ, ಒಳಗೆ ಡೆಸ್ಕ್‌ಟಾಪ್ 4080ರ ಚಿಪ್. ಸ್ಟಿಕ್ಕರ್ ಮಾತ್ರ ಸೇಮ್ ಟು ಸೇಮ್. ಯುಎಸ್‌ಬಿಯವರಂತೂ 5 ಗಿಗಾಬಿಟ್ ವೇಗಕ್ಕೆ ಮೊದಲು 3.0 ಅಂದರು, ಆಮೇಲೆ 3.1 ಜೆನ್ 1 ಅಂದರು, ಆಮೇಲೆ 3.2 ಜೆನ್ 1 ಅಂದರು. ವೇಗ ಇದ್ದಲ್ಲೇ ಇದೆ. ಬಡ್ತಿ ಮಾತ್ರ ಎರಡು ಸಲ ಸಿಕ್ಕಿದೆ.

ಈಗ ಗೇಮ್ ಆಡುವವರ ಸುದ್ದಿಗೆ ಬರೋಣ. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು, 549 ಡಾಲರಿನ 5070 ಕಾರ್ಡು 4090ರಷ್ಟೇ ಓಡುತ್ತದೆ ಅಂದರು. ಹಿಂದಿನ ತಲೆಮಾರಿನ ದೊಡ್ಡಣ್ಣನ ಬೆಲೆ 1599 ಡಾಲರ್ ಇತ್ತು. ಚಪ್ಪಾಳೆ ಬೀಳದೆ ಇರುತ್ತಾ? ಗುಟ್ಟು ಇಷ್ಟೇ: ಹೊಸ ಕಾರ್ಡು ಒಂದು ಫ್ರೇಮನ್ನು, ಅಂದರೆ ಪರದೆಯ ಒಂದು ಚಿತ್ರವನ್ನು, ನಿಜವಾಗಿ ಬಿಡಿಸಿ, ಮಿಕ್ಕ ಮೂರನ್ನು ಎಐ ಬಲದಿಂದ ಊಹಿಸಿ ನಡುವೆ ತುಂಬುತ್ತದೆ. ಒಂದು ಪುಟ ಬರೆದು, ಮೂರು ಪುಟ ಊಹೆ ಸೇರಿಸಿ, ನಾಲ್ಕಕ್ಕೂ ಓವರ್‌ಟೈಮ್ ಕೇಳುವ ಗುಮಾಸ್ತನ ಹಾಗೆ. ಕಣ್ಣಿಗೆ ನುಣುಪಾಗಿ ಕಾಣುತ್ತದೆ, ಸುಳ್ಳಲ್ಲ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಓಗೊಡುವುದು ನಿಜವಾದ ಆ ಒಂದು ಫ್ರೇಮ್ ಮಾತ್ರ. ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ ಎಣಿಸುವ ಮೂಲೆಯ ಮೀಟರ್ 200 ತೋರಿಸುತ್ತಿರುತ್ತದೆ, ಕೈಗೆ 50ರ ಭಾರ ಗೊತ್ತಾಗುತ್ತಿರುತ್ತದೆ. ಅಷ್ಟಾದರೂ ಮೀಟರನ್ನೇ ನಂಬೋಣ, ಕೈಗೇನು ಗೊತ್ತು?

ಗ್ರಾಫಿಕ್ಸ್ ಕೆಲಸದವರಿಗೆ ಈ ಊಹೆಯ ಸುಖವೂ ಇಲ್ಲ. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಕೊನೆಯ ರೆಂಡರ್‌ಗೆ, ಅಂದರೆ ಅಂತಿಮ ಚಿತ್ರ ತೆಗೆಯಲು, ಹಾಕಿದರೆ ಪ್ರತಿಯೊಂದು ಫ್ರೇಮನ್ನೂ ಬೆವರು ಸುರಿಸಿಯೇ ಬಿಡಿಸಬೇಕು. ಅವರಿಗೆ ಬೇಕಾಗಿರೋದು ಮೆಮೊರಿ. ಒಂದು ಟೆಕ್ಸ್ಚರ್, ಅಂದರೆ ವಸ್ತುವಿನ ಮೈಗೆ ಹೊದಿಸುವ ಚಿತ್ರ ತಗೊಳ್ಳಿ, 4096 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಡಿಸ್ಕ್ ಮೇಲೆ ಜೆಪೆಗ್ ಆಗಿ ಮುದುಡಿಕೊಂಡು ಕೆಲವೇ ಎಂಬಿ. ಕಾರ್ಡಿನೊಳಗೆ ಹೋಗಿ ಕಾಲು ಚಾಚಿದರೆ ಪಿಕ್ಸೆಲ್ಲಿಗೆ ನಾಲ್ಕು ಬೈಟ್‌ನಂತೆ 64 ಎಂಬಿ. ಮರದ ಕುರ್ಚಿಯೊಂದಕ್ಕೆ ಬಣ್ಣಕ್ಕೊಂದು, ಒರಟುತನಕ್ಕೊಂದು, ಉಬ್ಬುತಗ್ಗಿಗೊಂದು ಅಂತ ಮೂರು ಹಾಕಿದರೆ 192. ಆ ಕುರ್ಚಿ ಇರೋದು ಕೋಣೆಯ ಹಿಂದಿನ ಮೂಲೆಯಲ್ಲಿ, ಅರ್ಧ ಪರದೆಯ ಮರೆಯಲ್ಲಿ. ಇನ್ನೂ ಕೋಣೆ ಬಂದಿಲ್ಲ, ಕಿಟಕಿ ಬಂದಿಲ್ಲ, ಕಿಟಕಿಯಾಚೆ ಮರದ ಎಲೆಗಳು ಬಂದಿಲ್ಲ. 8 ಜಿಬಿ ತುಂಬಿದ ಕೂಡಲೇ ಕೆಲಸ ಒಂದೋ ಎರರ್ ಕೊಟ್ಟು ನಿಲ್ಲುತ್ತದೆ, ಇಲ್ಲ ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಾದ ಸಿಸ್ಟಮ್ ರ‍್ಯಾಮ್‌ಗೆ ಕೈಚಾಚಿ ತೆವಳುತ್ತದೆ. ಬಾಕ್ಸ್ ಮೇಲೆ ‘ಕ್ರಿಯೇಟರ್‌ಗಳಿಗಾಗಿ’ ಅಂತ ಬರೆದಿರೋದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಕಾಯುವ ಹೊತ್ತಲ್ಲಿ ಓದೋಕೆ.

ಇದೆಲ್ಲ ಗೊಂದಲ ಅಂತ ತಿಳಿದವರನ್ನು ಕೇಳಲು ಹೋದರೆ ಸಂಭಾಷಣೆ ಯಾವಾಗಲೂ ಒಂದೇ ದಾರಿ ಹಿಡಿಯುತ್ತದೆ.

“ಫೋಟೊಶಾಪ್ ಮಾಡ್ತೀನಿ ಗುರು, ರಾತ್ರಿ ಒಂದೆರಡು ಗಂಟೆ ಗೇಮ್. ಯಾವ ಕಾರ್ಡ್ ತಗೊಳ್ಳಲಿ?”

“ಬಜೆಟ್ ಎಷ್ಟು?”

“ಇಷ್ಟು.”

“ಇನ್ನೊಂದ್ ಸ್ವಲ್ಪ ಹಾಕಿದ್ರೆ ಮೇಲಿನ ಮಾಡೆಲ್ ಬರುತ್ತೆ ನೋಡು.”

ಮೇಲಿನ ಮಾಡೆಲ್‌ಗೆ ಬಂದಿರಾ? ಅಲ್ಲಿಂದಲೂ ಇನ್ನೊಂದ್ ಸ್ವಲ್ಪ ಹಾಕಿದ್ರೆ ಅದರ ಮೇಲಿನದು ಬರುತ್ತದೆ. ಪ್ರತಿ ಮೆಟ್ಟಿಲೂ ಸ್ವಲ್ಪವೇ. ಫೋಟೊಶಾಪ್‌ಗೆ ಕಾರ್ಡಿಗಿಂತ ಮೊದಲು ರ‍್ಯಾಮ್ ಸಾಲದಾಗುತ್ತದೆ, ರ‍್ಯಾಮ್ ಮುಗಿದರೆ ಅದು ಡಿಸ್ಕಿನ ಮೇಲೆ ಬರೆಯಲು ಶುರು ಮಾಡುತ್ತದೆ, ಅಲ್ಲಿ ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಅಲ್ಲೇ ಕೂತಿತು. ಕೆಲಸ ಮಾಡುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು ಯಾವ ಗ್ರಾಫ್ ತಲೆ ಮುಟ್ಟಿದೆ ನೋಡಿದರೆ ಇದು ಕಾಣುತ್ತದೆ, ಖರ್ಚಿಲ್ಲದೆ. ಖರ್ಚಿಲ್ಲ ಅನ್ನೋದೇ ಅದರ ದೋಷ ಇರಬೇಕು, ಯಾರೂ ನೋಡಲ್ಲ. ಅದರ ಬದಲು, ಯಾವ ಭಾಗ ಮಿಕ್ಕಿದ್ದನ್ನು ತಡೆಹಿಡಿಯುತ್ತದೆ ಅಂತ ಲೆಕ್ಕ ಹೇಳುವ ವೆಬ್‌ಸೈಟಿನ ‘ಬಾಟಲ್‌ನೆಕ್ ಕ್ಯಾಲ್ಕುಲೇಟರ್’ಗೆ ಪ್ರೊಸೆಸರ್ ಹೆಸರು, ಕಾರ್ಡ್ ಹೆಸರು ಹಾಕಿ, ದಶಮಾಂಶದ ಸಮೇತ ಶೇಕಡಾವಾರು ತೆಗೆಸಿಕೊಂಡು ಚಿಂತೆಗೆ ಬೀಳುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ಕಡಿಮೆ ಪಿಕ್ಸೆಲ್ಲಿನ 1080ಪಿಯಲ್ಲಿ ಗೇಮ್ ಆಡಿದರೆ ಪ್ರೊಸೆಸರ್ ಏದುಸಿರು ಬಿಡುತ್ತದೆ, ಹೆಚ್ಚು ಪಿಕ್ಸೆಲ್ಲಿನ 4ಕೆಯಲ್ಲಿ ಆಡಿದರೆ ಕಾರ್ಡ್ ಏದುಸಿರು ಬಿಡುತ್ತದೆ. ಒಂದು ಅಂಕಿಯಲ್ಲಿ ಹೇಳು ಅಂದರೆ ಕ್ಯಾಲ್ಕುಲೇಟರ್ ತಾನೇ ಏನು ಮಾಡೀತು, ಹೇಳುತ್ತದೆ.

ಹೀಗೆ ಮೆಟ್ಟಿಲು ಹತ್ತಿ ಹತ್ತಿ ತುದಿಯ 5090 ತಲುಪಿದರೆ, ಕಾರ್ಡಿಗೇ 575 ವ್ಯಾಟ್, ಕಂಪನಿ ಹೇಳುವ ಪವರ್ ಸಪ್ಲೈ 1000 ವ್ಯಾಟ್. ಹಳೇ ಪವರ್ ಸಪ್ಲೈ ಹೋಯಿತು. ಉದ್ದ 30 ಸೆಂಟಿಮೀಟರ್ ದಾಟಿತು, ಹಳೇ ಕ್ಯಾಬಿನೆಟ್ಟೂ ಹೋಯಿತು. ಇಷ್ಟು ದೊಡ್ಡ ಕಾರ್ಡಿಗೆ ಹಳೇ ಪ್ರೊಸೆಸರ್ ಅವಮಾನ ಅಲ್ವಾ? ಹೊಸ ಪ್ರೊಸೆಸರ್‌ಗೆ ಹೊಸ ಸಾಕೆಟ್, ಹೊಸ ಸಾಕೆಟ್‌ಗೆ ಹೊಸ ಮದರ್‌ಬೋರ್ಡ್, ಅದಕ್ಕೆ ಡಿಡಿಆರ್5 ಅನ್ನುವ ಹೊಸ ರ‍್ಯಾಮ್. ಕಾರ್ಡ್ ಅಪ್‌ಗ್ರೇಡ್ ಮಾಡಲು ಹೊರಟವನ ಬಳಿ ಕೊನೆಗೆ ಉಳಿದ ಹಳೇ ಸಾಮಾನು ಕೀಬೋರ್ಡ್ ಒಂದೇ. ಅದರಲ್ಲಿ ಬಣ್ಣದ ಲೈಟ್ ಇಲ್ಲ ಅನ್ನುವ ಕಾರಣಕ್ಕೆ ಅದನ್ನೂ ತಮ್ಮನಿಗೆ ಕೊಟ್ಟಾಯಿತು.

ಎಲ್ಲ ಜೋಡಿಸಿದ ಮೇಲೆ ಆ ಡೆಸ್ಕ್ ಹತ್ತಿರ ಹೋಗಿ ನೋಡಬೇಕು. ಮಾನಿಟರ್ 165 ಹರ್ಟ್ಜ್‌ನದು, ಅಂದರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವಂಥದು, ವಿಂಡೋಸ್ ಸೆಟ್ಟಿಂಗ್‌ನಲ್ಲಿ 60ಕ್ಕೇ ನಿಂತಿದೆ. ರ‍್ಯಾಮ್ ಮೇಲೆ 6000 ಅಂತ ಬರೆದಿದೆ, ಬಯೋಸ್ ಸೆಟ್ಟಿಂಗ್‌ನಲ್ಲಿ, ಬರೆದಷ್ಟು ವೇಗ ಕೊಡಿಸುವ ಎಕ್ಸ್‌ಪೋ ಆನ್ ಮಾಡದ ಕಾರಣ 4800ರಲ್ಲಿ ಓಡುತ್ತಿದೆ. ಎಂಟು ಫ್ಯಾನುಗಳ ಬಣ್ಣ ಒಂದಕ್ಕೊಂದು ಹೊಂದುವಂತೆ ಮಾಡಲು ಮಾತ್ರ ಪೂರ್ತಿ ಭಾನುವಾರ ಹಿಡಿದಿದೆ. ಮಾನಿಟರ್ ಕೇಬಲ್ ಹಿಡಿದುಕೊಂಡು ಹಿಂದೆ ಹೋದರೆ ಅದು ಚುಚ್ಚಿರೋದು ಮದರ್‌ಬೋರ್ಡಿಗೆ. ಕಾರ್ಡಿನ ನಾಲ್ಕೂ ಪೋರ್ಟ್‌ಗಳ ಮೇಲೆ ಕಂಪನಿ ಹಾಕಿ ಕಳಿಸಿದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ. ಪ್ರೊಸೆಸರಿನೊಳಗಿನ ಪುಟಾಣಿ ಗ್ರಾಫಿಕ್ಸ್ ತಾನೊಂದೇ ಪರದೆಯನ್ನೆಲ್ಲ ಬಿಡಿಸುತ್ತಿದೆ. ಕೆಲಸವಿಲ್ಲದ ಕಾರ್ಡು ಫ್ಯಾನ್ ನಿಲ್ಲಿಸಿಕೊಂಡು ಸುಮ್ನೆ ಕೂತಿದೆ.

“ಇಲ್ಲಿ ಕಿವಿ ಕೊಡು,” ಅನ್ನುತ್ತಾನೆ ಮಾಲೀಕ, ಕ್ಯಾಬಿನೆಟ್ ಗಾಜಿಗೆ ಬೆರಳು ತಟ್ಟಿ. “ಒಂಚೂರಾದ್ರೂ ಸೌಂಡ್ ಇದೆಯಾ? ಅದಕ್ಕೇ ಹೇಳೋದು, ಇನ್ನೊಂದ್ ಸ್ವಲ್ಪ ಹಾಕಿದ್ರೆ ಒಳ್ಳೇದೇ ಬರುತ್ತೆ ಅಂತ.”